ವಾಸನೆಯಿಲ್ಲದ ಗಾಡಿ

ನಮ್ಮ ಅತ್ತೆ ಬಸವಂತಮ್ಮನವರಿಗೆ ಡೀಸೆಲ್ ವಾಸನೆ ಆಗಿಬರುವುದಿಲ್ಲ. ಪೆಟ್ರೋಲೂ ಅಷ್ಟೇ. ಮಾನ್ವಿ ಬಸ್‌ಸ್ಟ್ಯಾಂಡಿನ ಮುಂದೆ ನಡೆದುಹೋಗುವಾಗಲೇ ಸೆರಗು ಮೂಗಿಗೆ ಹೋಗುತ್ತದೆ. ಬಸ್ಸು ಹತ್ತಿದರಂತೂ ಊರು ದಾಟುವುದರೊಳಗೆ ವಾಂತಿ. ಮದುವೆಯಾಗಿ ಈ ಮನೆಗೆ ಬಂದ ದಿನ ಲಾರಿಯಿಂದ ವಾಂತಿ ಮಾಡಿಕೊಳ್ಳುತ್ತಲೇ ಇಳಿದರಂತೆ. ಬಾಗಿಲಲ್ಲಿ ಆರತಿ ಹಿಡಿದು ನಿಂತವರು ಆರತಿ ಕೆಳಗಿಟ್ಟು ನೀರಿನ ಚೊಂಬು ತಂದರಂತೆ. ಮಾವ ವಿರೂಪಣ್ಣನವರು ಇದನ್ನು ಈಗಲೂ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ಬಂದವರೂ ನಗುತ್ತಾರೆ. ಅತ್ತೆ ಮಾತ್ರ ಚಹಾದ ಲೋಟ ತೆಗೆದುಕೊಳ್ಳುವ ನೆಪದಲ್ಲಿ ಒಳಗೆ ಹೋಗುತ್ತಾರೆ.

ಅತ್ತೆಯ ಅಕ್ಕ ವೀರಭದ್ರಮ್ಮ ಇರುವುದು ದೇವದುರ್ಗದಲ್ಲಿ. ದೂರವೇನಲ್ಲ. ಆದರೆ ಅಕ್ಕನ ಗಂಡ ತೀರಿಕೊಂಡಾಗ ಅತ್ತೆ ಬಸ್ಸಿನಲ್ಲಿ ಹೋಗಿ, ಸಾವಿನ ಮನೆಗಿಂತ ಮೊದಲು ಆಸ್ಪತ್ರೆಗೆ ಸೇರಿ, ಸಲೈನ್ ಹಚ್ಚಿಸಿಕೊಳ್ಳಬೇಕಾಯಿತು. ಆಮೇಲೆ ಅಕ್ಕನೇ, ‘ನೀ ಬರಬ್ಯಾಡವ್ವ, ನಾನೇ ಬರ್ತೀನಿ’ ಎಂದು ಮಾನ್ವಿಗೆ ಬಂದುಹೋಗುತ್ತಿದ್ದರು. ಅವರ ಸೊಂಟದ ಮೂಳೆ ಮುರಿದ ಮೇಲೆ ಅದೂ ನಿಂತಿತು. ಈಗ ಸಂಜೆ ಫೋನಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ಇಬ್ಬರಿಗೂ ಫೋನು ಹಿಡಿಯಲು ಬಾರದು. ಇವರಿಗೆ ಕಾಣುವುದು ಅವರ ಹಣೆ, ಅವರಿಗೆ ಇವರ ಹಣೆ.

“ಅಕ್ಕಾ, ಸೊರಗೀದಿಯಲ್ಲ ನೀನು,” ಎಂದು ಅತ್ತೆ ಆ ಹಣೆಗೆ ಹೇಳುತ್ತಾರೆ.

ಈ ಸಲ ಚಳಿಗಾಲ ಮುಗಿಯುವಾಗ ವೀರಭದ್ರಮ್ಮ ಫೋನಿನಲ್ಲಿ, “ಒಮ್ಮೆ ನಿನ್ನ ಕೈ ಹಿಡೀಬೇಕು ಅನ್ನಸಾಕತ್ತದ ಬಸವಂತಿ,” ಅಂದರು. ಅತ್ತೆ ಫೋನು ನನ್ನ ಕೈಗೆ ಕೊಟ್ಟು ದೇವರ ಮುಂದೆ ಹೋಗಿ ಕುಳಿತರು. ಊಟಕ್ಕೆ ಬಡಿಸುವಾಗ ನನ್ನ ಗಂಡ ಉದಯಕುಮಾರರಿಗೆ ನಾನು ಇದನ್ನು ಹೇಳಿದೆ. ಅವರು ಮುರಿದ ರೊಟ್ಟಿಯನ್ನು ತಾಟಿಗೇ ಬಿಟ್ಟು ದೇವರಮನೆಯ ಕಡೆ ನೋಡಿದರು.

ಮರುವಾರ ಅಪ್ಪನ ಮುಂದೆ ಮಾತು ತೆಗೆದರು. ನಮ್ಮದು ಸಣ್ಣ ಅಕ್ಕಿ ಮಿಲ್ಲು, ಮನೆಯ ಪಕ್ಕದಲ್ಲೇ ಇದೆ. ಮಾವ ಮಿಲ್ಲಿನ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ರಾಯಚೂರಾಗ ಜಮೀರ್ ಹಂತ್ಯಾಕ ಒಂದು ಎಲೆಕ್ಟ್ರಿಕ್ ಕಾರು ಬಂದದಪ್ಪಾ. ಸೆಕೆಂಡ್ ಹ್ಯಾಂಡು. ಚಲೋ ಅದ.”

ಜಮೀರ್ ಅವರ ಶಾಲೆಯ ಗೆಳೆಯ, ಹಳೆಯ ಕಾರುಗಳ ವ್ಯಾಪಾರ.

“ಕರೆಂಟಿನ ಗಾಡಿಯಾ? ಹಮಾಲರ ಕರೆಂಟ್ ಆಟೋಕ್ಕ ಚಾರ್ಜ್ ಹಚ್ಚಾಕ ಒಂದು ನಮೂನಿ ಬಾಯಿ. ಮಾಸ್ತರ ಸ್ಕೂಟಿಗಿ ಒಂದು ನಮೂನಿ. ಕಾರಿಗಿ ಮತ್ತೊಂದು. ಮೊದಲ ಸರ್ಕಾರದವ್ರು ಎಲ್ಲಾಕೂ ಒಂದೇ ಬಾಯಿ ಅಂತ ಪಕ್ಕಾ ಮಾಡ್ಲಿ, ಆಮ್ಯಾಲ ತಗೊಳ್ಳಣು.”

“ಕಾರಿಂದು ಈಗ ಒಂದೇ ಆಗ್ಯದ. ಮ್ಯಾಲ ಗುಂಡಗ, ಕೆಳಗ ಎರಡು ದೊಡ್ಡ ತೂತು. ಹೊಸಾವೆಲ್ಲಾ ಅದೇ ಬರಾಕತ್ತಾವು.”

“ಹಳೇವು?”

“ಹಳೇವು ಕೆಲವು ಬ್ಯಾರೆ ನಮೂನಿ ಇದ್ದವು.”

“ಮತ್ತ ನೀ ತಗೊಳ್ಳಾದು ಹಳೇದೇ ಅಲ್ಲೇನಲೇ?”

“ಗಾಡಿ ಹಳೇದಪ್ಪಾ, ಬಾಯಿ ಹೊಸಾ ನಮೂನಿದು.”

ಮಾವ ನಕ್ಕರು. “ಬೋಲ್ಟ್ ಬಿಚ್ಚಾಕ ಇಂಚಿನ ಪಾನಾ ಒಂದು ಪೆಟ್ಟಿಗಿ, ಮಿಲಿಮೀಟರ್ ಪಾನಾ ಒಂದು ಪೆಟ್ಟಿಗಿ ಇಟ್ಕೊಂಡು ಮುದುಕ ಆದಂವ ನಾನು. ಇನ್ಮುಂದ ಎಲ್ಲಾ ಬೋಲ್ಟು ಒಂದೇ ಅಳತಿ ಅಂತ ಹೇಳಿ ಮಷಿನ್ ಮಾರಿ ಹೋದವ್ರನ್ನ ಬಾಳ ಮಂದೀನ್ನ ನೋಡೀನಿ.”

ಒಳಗಿನಿಂದ ಅತ್ತೆಯ ದನಿ ಬಂತು. “ಉದಯಾ, ಅದು ವಾಸನಿ ಬರ್ತದೇನೋ?”

ಈ ಮನೆಗೆ ಟ್ರ್ಯಾಕ್ಟರ್ ಬಂದಿದೆ, ಮೋಟಾರ್ ಸೈಕಲ್ ಬಂದಿದೆ. ಯಾವ ಗಾಡಿಯ ಬಗ್ಗೆಯೂ ಅತ್ತೆ ಒಂದು ಮಾತು ಕೇಳಿದ್ದನ್ನು ನಾನು ನೋಡಿರಲಿಲ್ಲ.

“ಇಲ್ಲ ಬೇ ಯವ್ವಾ. ಹೊಗಿನೂ ಇಲ್ಲ, ವಾಸನಿನೂ ಇಲ್ಲ.”

ಮಾವ ಎಲೆ ಮಡಚಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಕೊನೆಗೆ, “ಜಮೀರ್ ಎರಡು ದಿನ ಓಡಿಸಾಕ ಕೊಡ್ತಾನೇನು ಕೇಳು. ನನಗ ರಾಯಚೂರು ಗಂಜಿನಾಗ ಅಕ್ಕಿ ವ್ಯಾಪಾರದ ಕೆಲಸ ಅದ. ರಾಯಚೂರು ಮುಗಿಸಿ ದೇವದುರ್ಗ, ಅಲ್ಲಿಂದ ಮನಿ. ನಡುವ ಎಲ್ಲಿ ಚಾರ್ಜ್ ಆಗ್ದೆ ನಿಂತ್ರೂ ಜಮೀರನ ಗಾಡಿ ಜಮೀರನ ಮನಿಗೆ. ಮತ್ತ ಈ ಮಾತು ಎತ್ತಂಗಿಲ್ಲ,” ಅಂದರು.

ಕಾರು ಬಂತು. ಬೂದು ಬಣ್ಣದ್ದು. ರಾತ್ರಿಯೆಲ್ಲ ಮನೆಯ ವಯರಿನಿಂದ ಚಾರ್ಜ್ ಆಯಿತು. ಬೆಳಿಗ್ಗೆ ಅತ್ತೆ ಪೂಜೆಗೆ ನಿಂತರು. ಚಕ್ರಗಳಿಗೆ ನಿಂಬೆಹಣ್ಣು, ಮುಂದುಗಡೆ ಕುಂಕುಮ, ಕಾಯಿ. ಅವರದೊಂದು ಪದ್ಧತಿ ಇದೆ. ಮಿಲ್ಲಿನಲ್ಲಿ ಪ್ರತಿ ಅಮಾವಾಸ್ಯೆ ಭತ್ತ ಸುರಿಯುವ ಬಾಯಿಗೇ ಮೊದಲು ವಿಭೂತಿ ಹಚ್ಚುತ್ತಾರೆ. ಉಣ್ಣುವ ಬಾಯಿ ಶುದ್ಧವಾಗಿರಬೇಕು ಎನ್ನುವುದು ಅವರ ಮಾತು. ಮಾವ ಧೋತರ ಬದಲಿಸಲು, ನನ್ನ ಗಂಡ ನೀರಿನ ಬಾಟಲಿ ತರಲು ಹೋಗಿದ್ದಾಗ ಅತ್ತೆ ಕಾರಿನ ಸುತ್ತ ಒಂದು ಸುತ್ತು ಬಂದರು.

“ಇದು ಉಣ್ಣಾದು ಎಲ್ಲಿಂದವ್ವ ಸುನಂದಾ?”

ಬೆಳಿಗ್ಗೆ ವಯರು ಬಿಡಿಸಿದ ಜಾಗ ಇನ್ನೂ ತೆರೆದೇ ಇತ್ತು. ತೋರಿಸಿದೆ. ಅತ್ತೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಆ ದುಂಡನೆಯ ಬಾಯಿಗೆ ದಪ್ಪವಾಗಿ ಎಳೆದರು. ಕಣ್ಣು ಮುಚ್ಚಿ ಏನೋ ಅಂದುಕೊಂಡರು. ಆಮೇಲೆ ಮಗುವಿನ ಬಾಯಿ ಒರೆಸಿದಷ್ಟು ಮೆಲ್ಲಗೆ ಮುಚ್ಚಳ ಹಾಕಿದರು. ಏನು ಬೇಡಿಕೊಂಡರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಹಿಂದಿನ ಸೀಟಿನಲ್ಲಿ ನಾವಿಬ್ಬರು. ಅತ್ತೆಯ ಒಂದು ಕೈಯಲ್ಲಿ ನಿಂಬೆಹಣ್ಣು, ತೊಡೆಯ ಮೇಲೆ ಬಾಯಿ ಬಿಚ್ಚಿದ ಪ್ಲಾಸ್ಟಿಕ್ ಚೀಲ, ಕಣ್ಣು ಬಿಗಿಯಾಗಿ ಮುಚ್ಚಿವೆ.

“ಯಾವಾಗ ಬಿಡ್ತೀಯೋ?” ಅಂದರು.

“ಬಿಟ್ಟಾಗ್ಯದ ಬೇ ಯವ್ವಾ. ಊರು ದಾಟೀವಿ.”

ಅತ್ತೆ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಕಲ್ಲೂರು ಬರುವ ಹೊತ್ತಿಗೆ ಚೀಲ ಮಡಚಿ ಕಾಲ ಬಳಿ ಇಟ್ಟಿದ್ದರು. “ಇಲ್ಲಿ ಇಷ್ಟು ದೊಡ್ಡ ಬೇವಿನಮರ ಅದೇನು? ಅಯ್ಯ, ಮೆಣಸಿನಕಾಯಿ ಹ್ಯಾಂಗ ಹರವ್ಯಾರ ನೋಡು, ಕೆಂಪು ಜಮಖಾನಿ ಹಾಸಿದಂಗ!” ಈ ದಾರಿಯಲ್ಲಿ ಅವರು ಎಷ್ಟೋ ಸಲ ಹೋಗಿದ್ದರು, ಕಣ್ಣು ತೆರೆದು ಹೋಗಿದ್ದು ಇದೇ ಮೊದಲು. ಮುಂದೆ ಕುಳಿತ ಮಾವ ತಿರುಗಿ ನೋಡಿದರು.

ರಾಯಚೂರಿನ ಗಂಜ್ ಮಾರುಕಟ್ಟೆಯ ಕೆಲಸ ಬೇಗ ಮುಗಿಯಿತು. ಹಳೆಯ ಬ್ಯಾಟರಿ, ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ದೇವದುರ್ಗ ಮುಟ್ಟಿ ಮನೆಗೆ ಬರಲು ಸಾಲದು. ಚಾರ್ಜರ್ ಇದ್ದದ್ದು ಊರ ಅಂಚಿನ ಒಂದು ಪೆಟ್ರೋಲ್ ಬಂಕಿನಲ್ಲಿ. ಅದನ್ನು ಕಂಡದ್ದೇ ಅತ್ತೆಯ ಸೆರಗು ಮೂಗಿಗೆ ಹೋಯಿತು. ರಸ್ತೆಯ ಆಚೆ ಬದಿ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆವು.

ಸ್ವಲ್ಪ ಹೊತ್ತಿಗೆ ನೀರು ಬೇಕೆಂದರು. ನಾನು ಬಾಟಲಿ ತರಲು ಕಾರಿನ ಹತ್ತಿರ ಹೋದಾಗ ಅಲ್ಲಿ ಗಂಡಸರು ಗುಂಪುಗಟ್ಟಿದ್ದರು. ನನ್ನ ಗಂಡ ದಪ್ಪ ವಯರಿನ ಗನ್ನನ್ನು ಬಾಯಿಗೆ ಒತ್ತುತ್ತಿದ್ದರು, ಮಷಿನ್ನು ಕೆಂಪು ದೀಪ ತೋರಿಸುತ್ತಿತ್ತು. ತೆಗೆದು ಮತ್ತೆ ಒತ್ತಿದರು. ಮತ್ತೆ ಕೆಂಪು.

“ಇದು ಹಳೇ ನಮೂನಿ ಬಾಯಿರಿ. ಇದಕ್ಕ ಈ ಗನ್ ನಡ್ಯಾಂಗಿಲ್ಲ,” ಅಂದ ಒಬ್ಬ ಆಟೋದವ.

“ಒಳಗ ಹೋಗಾಕತ್ತದಲ್ಲೋ ಮಾರಾಯ,” ಅಂದರು ಬಂಕು ನೋಡಿಕೊಳ್ಳುವ, ಮಾವನ ಪರಿಚಯದ ತಾಯಣ್ಣ.

“ಹೋದ್ರ ಏನಾತು? ನನ್ನ ಮೊಬೈಲಿಗೂ ಯಾವ್ದರ ಪಿನ್ ಹೋಗ್ತದ, ಚಾರ್ಜ್ ಆಗ್ತದೇನು?”

“ನಿನ್ನ ಮೊಬೈಲ್ ಸುಡು. ಅದು ಪಿನ್ನಿಲ್ದೇನೂ ಚಾರ್ಜ್ ಆಗಂಗಿಲ್ಲ, ಇದ್ರೂ ಆಗಂಗಿಲ್ಲ.”

“ರಾತ್ರಿ ಮನ್ಯಾಗ ಚಾರ್ಜ್ ಆಗ್ಯದಲ್ರಿ,” ಅಂದರು ನನ್ನ ಗಂಡ.

“ಮನೀದು ಬ್ಯಾರೆ ಕರೆಂಟು, ಇದು ಬ್ಯಾರೆ ಕರೆಂಟು!” ಅಂದ ಆಟೋದವ.

ಮಾವ ಕೈ ಹಿಂದೆ ಕಟ್ಟಿ ನಿಂತಿದ್ದರು. “ನಿನ್ನ ದೋಸ್ತ ಹಳೇ ಬಾಯಿ ಗಾಡಿ ನಿನ್ನ ಕೊರಳಿಗಿ ಕಟ್ಯಾನ. ನಾ ಏನಂದಿದ್ದೆ? ಹಚ್ಚು ಫೋನ್, ಇಲ್ಲಿಗೇ ಬಂದು ಒಯ್ಯಲಿ. ನಾವು ಬಸ್ಸಿಗೆ ಹೋಗಣು.”

ಬಸ್ಸಿಗೆ. ನಾನು ರಸ್ತೆಯಾಚೆ ನೋಡಿದೆ. ಅತ್ತೆ ಕಟ್ಟೆಯ ಮೇಲೆ ಅಕ್ಕನಿಗೆಂದು ತಂದ ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಗನ್ ತೆಗೆದಾಗ ಕಾರಿನ ಬಾಯಿ ಕಂಡಿತು. ಸಣ್ಣ ತೂತುಗಳು ಕಪ್ಪಗಿರಬೇಕಿತ್ತು. ಬೆಳ್ಳಗಿದ್ದವು. ವಿಭೂತಿ ಒಳಗಿಳಿದು ಸುಣ್ಣದಂತೆ ಒಣಗಿ ಕುಳಿತಿತ್ತು.

ನನಗೆ ಗಂಡಸರ ಮುಂದೆ ದನಿ ಹೊರಡುವುದಿಲ್ಲ. ಮತ್ತೆ, ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಲಾರಿಯಿಂದ ಇಳಿದ ಕತೆಯ ಜೊತೆಗೆ ಇದೂ ಒಂದು ಸೇರುತ್ತದೆ. ಬಂದವರ ಮುಂದೆಲ್ಲ ಹೇಳುತ್ತಾರೆ. ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಹೇಳದಿದ್ದರೆ ಜಮೀರಣ್ಣ ಮೋಸಗಾರನಾಗುತ್ತಾನೆ, ಅತ್ತೆ ದೇವದುರ್ಗ ನೋಡುವುದಿಲ್ಲ. ನನ್ನ ಗಂಡ ಆಗಲೇ ಫೋನು ಕಿವಿಗಿಟ್ಟಿದ್ದರು.

“ರೀ,” ಅಂದೆ. ಯಾರೂ ಕೇಳಲಿಲ್ಲ. ಅವರ ತೋಳು ಹಿಡಿದು ಎಳೆದೆ. “ರೀ, ಜಮೀರಣ್ಣಗ ಏನೂ ಅನಬ್ಯಾಡ್ರಿ. ಅದ್ರಾಗ ಈಬತ್ತಿ ಕೂತದ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಈಬತ್ತಿ?” ಮಾವ ಬಗ್ಗಿ ನೋಡಿದರು. “ಯಾರು ಹಚ್ಚಿದ್ರು ಇಲ್ಲಿ?”

“ನಾನ್ರಿ ಮಾವಾರ.”

ನನ್ನ ಗಂಡ ನನ್ನ ಮುಖ ನೋಡಿದರು. ಹಚ್ಚಿದ್ದು ಯಾರೆಂದು ಅವರಿಗೆ ಗೊತ್ತಾಯಿತು ಅನ್ನಿಸಿತು. ಮಾವನಿಗೆ ಸಿಟ್ಟೇರಿತ್ತು. “ಏನವ್ವ ನೀನು, ಕರೆಂಟಿನ ಜಾಗದಾಗ ಈಬತ್ತಿ ಹಚ್ತಾರೇನು? ಅಷ್ಟೂ ತಿಳ್ಯಾಂಗಿಲ್ಲೇನು?”

“ಆಕೀನ್ಯಾಕ ಬೈತೀರಿ?”

ಅತ್ತೆ. ರಸ್ತೆ ದಾಟಿ ಬಂದಿದ್ದರು. ನೀರಿಗೆ ಹೋದವಳು ಬರಲಿಲ್ಲವೆಂದು ಬಂದರೋ, ಗುಂಪು ನೋಡಿ ಬಂದರೋ. ಪೆಟ್ರೋಲ್ ಮಷಿನ್ನಿನ ಪಕ್ಕದಲ್ಲೇ ನಿಂತಿದ್ದರು. ಸೆರಗು ಮೂಗಿಗೆ ಒತ್ತಿತ್ತು, ಹಣೆಯ ಮೇಲೆ ಬೆವರು. ಮಾತಾಡಲು ಸೆರಗು ತೆಗೆದರು.

“ಆಕಿ ಅಲ್ಲ, ನಾ ಹಚ್ಚೀನಿ. ಬಾಯಿ ಅಂದ್ರಲ್ಲ ಎಲ್ಲಾರೂ. ಉಣ್ಣಾ ಬಾಯಿ ಅಂತ ಹಚ್ಚಿದೆ. ಈಗ ನಗ್ರಿ, ಎಲ್ಲಾರೂ ನಗ್ರಿ. ಆದ್ರ ಆ ಹುಡುಗೀನ್ನ ಅನಬ್ಯಾಡ್ರಿ.”

ಆಟೋದವ ನಗಲು ಬಾಯಿ ತೆರೆದವನು ತಾಯಣ್ಣನ ಮುಖ ನೋಡಿ ಮುಚ್ಚಿಕೊಂಡ. ಮಾವ ಹೆಂಡತಿಯನ್ನೇ ನೋಡುತ್ತಿದ್ದರು. ಅವರು ಅತ್ತೆಯನ್ನು ಬಂಕಿನೊಳಗೆ ಎಂದೂ ನೋಡಿರಲಿಕ್ಕಿಲ್ಲ.

“ನೀ ಯಾಕ ಬಂದಿ ಇಲ್ಲಿಗಿ? ಹೊಟ್ಟಿ ತೊಳಸ್ತದ. ಹೋಗು, ಆಕಡಿ ಗಾಳಿಗಿ ಹೋಗು,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ ಕದಲಲಿಲ್ಲ.

ಮಾವ ಧೋತರ ಎತ್ತಿ ಕಟ್ಟಿದರು. “ತಾಯಣ್ಣ, ಒಣಾ ಬ್ರಶ್ ಏನರ ಅದೇನಪ?”

ತಾಯಣ್ಣ ಪೆಟ್ರೋಲ್ ಮಷಿನ್ನಿನ ಧೂಳು ಹೊಡೆಯುವ ಬ್ರಶ್ಶಿಗೆ ಕೈ ಹಾಕಿ, ಅತ್ತೆಯ ಕಡೆ ನೋಡಿ, ಅದನ್ನು ಬಿಟ್ಟು ಆಫೀಸಿನ ಒಳಗಿಂದ ಬಣ್ಣ ಹಚ್ಚುವ ಹೊಸದೊಂದು ಬ್ರಶ್ ತಂದುಕೊಟ್ಟರು. ಮಾವ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಒಂದೊಂದೇ ತೂತಿಗೆ ಬ್ರಶ್ಶಿನ ತುದಿ ತಿರುಗಿಸಿ, ಕೆಳಗೆ ಎಡ ಅಂಗೈ ಒಡ್ಡಿ ಪುಡಿಯನ್ನು ಬೀಳಿಸಿಕೊಂಡರು. ಒಂದು ಚೂರೂ ನೆಲಕ್ಕೆ ಬೀಳಗೊಡಲಿಲ್ಲ. ಎಲ್ಲ ಮುಗಿದ ಮೇಲೆ ಅಂಗೈಯಲ್ಲಿದ್ದುದನ್ನು ನೋಡಿದರು. ಎಲ್ಲಿ ಚೆಲ್ಲುವುದು? ಮೂರು ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು. ಉಳಿದದ್ದನ್ನು ಮಗನ ಹಣೆಗೆ ಎಳೆದರು.

“ನನಗೂ ಒಂದೀಟು ಹಚ್ರಿ ಸಾವ್ಕಾರ್ರ, ಬ್ಯಾಟರಿ ಚಲೋ ಬರಲಿ,” ಅಂದ ಆಟೋದವ. ಈಗ ಎಲ್ಲರೂ ನಕ್ಕರು. ಅತ್ತೆಯೂ, ಸೆರಗಿನೊಳಗೇ.

ನನ್ನ ಗಂಡ ಗನ್ ಒತ್ತಿದರು. ಟಕ್ ಎಂದು ಹಿಡಿದುಕೊಂಡಿತು. ದೀಪ ಹಸಿರಾಯಿತು.

ಚಾರ್ಜ್ ಆಗುವವರೆಗೆ ನಾವಿಬ್ಬರೂ ರಸ್ತೆಯಾಚೆ ಕುಳಿತೆವು. ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, “ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಕಿವಿ ಕೆಂಪಾಗಿದ್ವು,” ಅಂದರು. ಕೈ ಬಿಡಲಿಲ್ಲ.

ಗಬ್ಬೂರು ದಾಟಿ ದೇವದುರ್ಗ ಸೇರುವಾಗ ಮಧ್ಯಾಹ್ನ. ವೀರಭದ್ರಮ್ಮನವರು ಪಡಸಾಲೆಯ ಮಂಚದ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದರು. ಇನ್ನೊಂದು ಮಂಚಕ್ಕೆ ತಂಗಿಗೆಂದು ಹಾಸಿಗೆ ಹಾಸಿತ್ತು. ಪಕ್ಕದಲ್ಲಿ ಬಕೆಟ್ಟು, ಒದ್ದೆ ಟವೆಲು, ಒಂದು ತಂಬಿಗೆ ಶರಬತ್ತು. ಸೊಸೆಗೆ ಹೇಳಿ ತೆಳ್ಳಗೆ ಗಂಜಿ ಕಾಸಿಡಿಸಿದ್ದರು. ಸೊಸೆ ಅಂಗನವಾಡಿಗೆ ಹೋಗಿದ್ದರು.

“ಬಾ, ಮೊದಲ ಮಲಕೋ. ಮಾತು ಆಮ್ಯಾಲ,” ಅಂದರು.

ಅತ್ತೆ ಮಲಗಲಿಲ್ಲ. ಅಕ್ಕನ ಮುಂದೆ ನೆಲಕ್ಕೆ ಕುಳಿತು ಅವರ ಎರಡೂ ಕೈ ಹಿಡಿದುಕೊಂಡರು. ವೀರಭದ್ರಮ್ಮ ಒಂದು ಕೈ ಬಿಡಿಸಿಕೊಂಡು ತಂಗಿಯ ಗಲ್ಲ, ಕಿವಿ, ಕುತ್ತಿಗೆ ಎಲ್ಲ ಸವರಿ ನೋಡಿದರು. ಫೋನಿನಲ್ಲಿ ಕಾಣದೆ ಉಳಿದದ್ದನ್ನೆಲ್ಲ.

“ಹೊಟ್ಟಿ ಹ್ಯಾಂಗದ?” ಎಂದು ಕೊನೆಗೆ ವೀರಭದ್ರಮ್ಮ ಕೇಳಿದರು.

“ಹಸಿದದ.”

“ಗಂಜಿ ಅದ.”

“ಗಂಜಿ ನೀ ಕುಡಿ. ನನಗ ರೊಟ್ಟಿ ಬೇಕು, ಬದನಿಕಾಯಿ ಪಲ್ಯ ಬೇಕು.”

ವೀರಭದ್ರಮ್ಮ ತಂಗಿಯನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಆಮೇಲೆ ನಗತೊಡಗಿದರು. ಸೊಂಟ ನೋಯುತ್ತದೆ ಎಂದು ಒಂದು ಕೈಯಲ್ಲಿ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ಹುಡುಕಿದೆ.

ರೊಟ್ಟಿ ತಟ್ಟುತ್ತಿದ್ದಾಗ ಪಡಸಾಲೆಯಿಂದ ಅತ್ತೆಯ ದನಿ ಕೇಳಿತು. “ಮುಂದಿನ ಸೋಮವಾರ ಮತ್ತ ಬರ್ತೀನಕ್ಕ.” ಯಾರನ್ನೂ ಕೇಳಿರಲಿಲ್ಲ. ನನ್ನ ಕೈ ರೊಟ್ಟಿಯ ಮೇಲೇ ನಿಂತಿತು. ಅಂಗಳದಲ್ಲಿ ಮಾವ ಮತ್ತು ನನ್ನ ಗಂಡ ಕಾರಿನ ಪಕ್ಕ ನಿಂತಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಮಾವ ಹಣೆ ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು.

“ಸೋಮವಾರ ನನಗ ಮಿಲ್ಲಿನ ಕೆಲಸ ಇರ್ತದ,” ಎಂದು ಒಳಗೆ ಕೇಳುವಂತೆ ಹೇಳಿದರು. “ಮಂಗಳವಾರ ಬರಣು.”