ಕತ್ತಿನಿಂದ ಕೆಳಗೆ

ಹೇಮಶ್ರೀಯ ಬೆನ್ನು ಸಾವಿರಾರು ಹೆಂಗಸರಿಗೆ ಗೊತ್ತಿತ್ತು. ಮುಖ ಗೊತ್ತಿದ್ದದ್ದು ಅವಳ ಅವ್ವ ಶಿವಕ್ಕನಿಗೆ, ಕೆಲಸಕ್ಕಿದ್ದ ಅಂಗಡಿಯ ಶರಣ್ಯಕ್ಕನಿಗೆ, ಹೆಗ್ಗನಹಳ್ಳಿಯ ವಠಾರದ ನಾಲ್ಕಾರು ಮನೆಯವರಿಗೆ, ಅಷ್ಟೆ.

ಶರಣ್ಯಳ ಬ್ಲೌಸ್ ಅಂಗಡಿ ವಿಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಹೆಸರು ‘ನವಿರು’. ಹೇಮಶ್ರೀ ಅಲ್ಲಿಗೆ ಸೇರಿದ್ದು ಸೀರೆಗೆ ಕುಚ್ಚು ಕಟ್ಟಲು. ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಮಣಿ ಪೋಣಿಸಿ, ಒಂದೊಂದೇ ಗಂಟು ಹಾಕುತ್ತಾ ಹೋಗಬೇಕು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ತಲೆ ಎತ್ತಬೇಕಾಗಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಅಂದರೆ ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಅವಳು. ಅವ್ವನಿಗೆ ಹುಷಾರಿಲ್ಲದ ವರ್ಷ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಡಿಸಿದಾಗ ಎದುರಿಗೆ ಅತ್ತಳು, ಒಳಗೊಳಗೆ ಹಾಯೆನಿಸಿತು.

ಬೆನ್ನಿನ ಸಂಗತಿ ಶುರುವಾದದ್ದು ಅಂಗಡಿಯ ಬೊಂಬೆಯಿಂದ. ಆವತ್ತು ಹಸಿರು ರೇಷ್ಮೆಯ ಒಂದು ಬ್ಲೌಸು ತಯಾರಾಗಿತ್ತು. ಬೆನ್ನ ತುಂಬ ಕಸೂತಿಯ ಬಳ್ಳಿ, ಕೆಳಗೆ ಕಟ್ಟುವ ದಾರ, ದಾರದ ತುದಿಗೆ ಗೊಂಡೆ. ಬೊಂಬೆಗೆ ಹಾಕಿದರೆ ಬಳ್ಳಿಯೆಲ್ಲ ಸೊಟ್ಟಗಾಯಿತು. ಬೊಂಬೆಯ ಬೆನ್ನು ಹಲಗೆಯ ಹಾಗೆ ಚಪ್ಪಟೆ.

“ಹೇಮಾ, ಒಂದ್ಸಲ ನೀನ್ ಹಾಕ್ಕೊಂಡು ನಿಂತ್ಕೊಳೇ. ಪೇಜಿಗೆ ಒಂದು ಫೋಟೋ ಬೇಕು,” ಎಂದಳು ಶರಣ್ಯ.

“ನಾನಾ? ಬೇಡ ಅಕ್ಕ. ನನ್ ಮುಖ ಬೇಡ.”

“ಬ್ಲೌಸ್ ತೋರ್ಸಕ್ಕೆ ಮುಖ ಯಾರಿಗ್ ಬೇಕೇ? ಗೋಡೆ ಕಡೆ ತಿರುಗು. ಜಡೆ ಮುಂದಕ್ಕೆ ಹಾಕ್ಕೋ.”

ಹೇಮಶ್ರೀ ಜಡೆಯನ್ನು ಎದೆಯ ಮೇಲೆಳೆದುಕೊಂಡು ಗೋಡೆ ನೋಡುತ್ತಾ ನಿಂತಳು. ಸಂಜೆಯ ಹೊತ್ತಿಗೆ ಆ ಫೋಟೋದ ಕೆಳಗೆ ಬೆಲೆ ಕೇಳುವವರ ಸಾಲು. ಅಂದಿನಿಂದ ಬೊಂಬೆ ಮೂಲೆ ಸೇರಿತು. ಶರಣ್ಯ ಫೋನಿನ ಸ್ಟ್ಯಾಂಡನ್ನು ಹೇಮಶ್ರೀಯ ಕತ್ತಿನ ಎತ್ತರಕ್ಕೆ ಇಳಿಸಿ ತಿರುಪು ಬಿಗಿ ಮಾಡಿದಳು. ಎದುರಿಗೆ ತಿರುಗಿ ನಿಂತಾಗಲೂ ಫೋಟೋ ಗದ್ದದ ಕೆಳಗೇ ನಿಲ್ಲುತ್ತಿತ್ತು.

ಇದೇನೂ ಅವರದೊಂದೇ ಅಂಗಡಿಯ ಪದ್ಧತಿಯಲ್ಲ. ಫೋನಿನಲ್ಲಿ ಬಟ್ಟೆ ಮಾರುವ ಪೇಜುಗಳ ತುಂಬ ತಲೆಯಿಲ್ಲದ ಹೆಂಗಸರೇ. ಕೆಲವರು ಕನ್ನಡಿಯ ಮುಂದೆ ನಿಂತು ಮುಖಕ್ಕೆ ಫೋನು ಅಡ್ಡ ಹಿಡಿಯುತ್ತಾರೆ, ಕೆಲವರು ಮುಖದ ಮೇಲೊಂದು ಹಳದಿ ಹೂವು ಅಂಟಿಸುತ್ತಾರೆ. ನೋಡುವವರಿಗೂ ಅದು ಅಭ್ಯಾಸವಾಗಿ ಹೋಗಿದೆ. ಹೇಮಶ್ರೀಗೂ ಮೊದಮೊದಲು ಹಾಗೆಯೇ ಹಿತವಾಗಿತ್ತು. ಯಾರೋ ತನ್ನನ್ನು ಹೊಗಳುತ್ತಾರೆ, ಆದರೆ ತಾನು ಅವರೆದುರು ನಿಲ್ಲಬೇಕಾಗಿಲ್ಲ. ಇದಕ್ಕಿಂತ ಸುಖ ಯಾವುದು?

ಆ ಸುಖ ಕೆಟ್ಟದ್ದು ಬಸ್ಸಿನಲ್ಲಿ. ಸುಂಕದಕಟ್ಟೆಯಲ್ಲಿ ಹತ್ತಿದ ಇಬ್ಬರು ಕಾಲೇಜು ಹುಡುಗಿಯರು ಅವಳ ಪಕ್ಕದಲ್ಲೇ ಕೂತರು. ಒಬ್ಬಳು ಫೋನಿನಲ್ಲಿ ಬೆರಳಾಡಿಸುತ್ತಾ ಇದ್ದವಳು ಹೇಮಶ್ರೀಯ ಬೆನ್ನಿನ ಫೋಟೋ ಬಂದಾಗ ಬೆರಳು ನಿಲ್ಲಿಸಿದಳು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು.

“ಇವಳ ಬೆನ್ ನೋಡೇ. ಏನ್ ಚೆನ್ನಾಗಿ ಕೂತಿದೆ ಬ್ಲೌಸು. ಮುಖ ಹೆಂಗಿರ್ಬೋದು?”

“ಸುಮಾರಾಗಿರ್ಬೇಕು ಕಣೇ. ಚೆನ್ನಾಗಿದ್ರೆ ಯಾಕ್ ಬಚ್ಚಿಡ್ತಿದ್ರು?”

ಇಬ್ಬರೂ ಕಿಸಕ್ಕೆಂದರು. ಹೇಮಶ್ರೀ ಕಿಟಕಿಯ ಕಡೆ ಕತ್ತು ತಿರುಗಿಸಿಕೊಂಡಳು. ಕಾಮಾಕ್ಷಿಪಾಳ್ಯ ದಾಟುವವರೆಗೂ ತಿರುಗಿಸಿಕೊಂಡೇ ಇದ್ದಳು.

ಸಂಜೆ ಮನೆಗೆ ಬಂದವಳು ಕನ್ನಡಿಯ ಮುಂದೆ ನಿಂತಳು. ಸುಮಾರೇ? ಮೂಗು ಅಪ್ಪನದು, ಸ್ವಲ್ಪ ಅಗಲ. ಕಣ್ಣು ಅವ್ವನದು. ಇಷ್ಟು ವರ್ಷ ಈ ಮುಖವನ್ನು ತೊಳೆದಿದ್ದಳು, ಒರೆಸಿದ್ದಳು, ಬಿಂದಿ ಇಟ್ಟಿದ್ದಳು. ನೋಡಿರಲಿಲ್ಲ. ಒಂದೇ ಒಂದು ಫೋಟೋ ಮುಖದ ಸಮೇತ ಆ ಪೇಜಿಗೆ ಬಂದರೆ ಸಾಕು ಅನ್ನಿಸಿತು. ಬೆನ್ನನ್ನು ಹೊಗಳಿದವರೆಲ್ಲ, ಓ ಇವಳಾ, ಅನ್ನಬೇಕು. ಚೆನ್ನಾಗಿದ್ದಾಳೆ ಅನ್ನದಿದ್ದರೂ ಪರವಾಗಿಲ್ಲ. ಇವಳಾ ಅಂದರೆ ಸಾಕು.

“ಏನವಾ, ಕನ್ನಡಿ ಸವದು ಹೋದೀತು,” ಎಂದಳು ಶಿವಕ್ಕ ರೊಟ್ಟಿ ಬಡಿಯುತ್ತಾ. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ ಅವಳ ಮಾತು ರಾಣೆಬೆನ್ನೂರಿನಲ್ಲೇ ಇತ್ತು.

“ಅವ್ವಾ, ನಾನು ಹೆಂಗಿದೀನಿ?”

“ಹೆಂಗಂದ್ರ? ನನ್ನ ಮಗಳಿದ್ದಂಗ ಇದ್ದಿ. ಬಾ, ಉಣ್ಣು.”

ಬೇಡ ಅಂದದ್ದು ತಾನೇ. ಈಗ ಬೇಕು ಅನ್ನುವುದು ಹೇಗೆ? ಕುಚ್ಚು ಕಟ್ಟುತ್ತಾ ಎಷ್ಟೋ ಸಲ ಬಾಯಿ ತೆರೆದಳು. “ಅಕ್ಕಾ” ಅಂತ ಕರೆದು, ಶರಣ್ಯ “ಏನೇ?” ಎಂದು ತಿರುಗಿದರೆ, “ಮರೂನ್ ದಾರ ಖಾಲಿಯಾಗಿದೆ” ಅನ್ನುತ್ತಿದ್ದಳು. ಮರೂನ್ ದಾರ ಅಂಗಡಿಯಲ್ಲಿ ರಾಶಿ ಬಿದ್ದಿತು.

ಆಷಾಢ ಕಳೆಯುತ್ತಲೇ ಶರಣ್ಯ ಅಂಗಡಿಯನ್ನು ಬಸವೇಶ್ವರನಗರಕ್ಕೆ ಬದಲಾಯಿಸುವ ಸುದ್ದಿ ತಂದಳು. ಈ ಸಲ ಮಹಡಿಯಲ್ಲ, ರಸ್ತೆಗೇ ತೆರೆದುಕೊಂಡ ಮಳಿಗೆ.

“ಬಾಗಿಲ ಮೇಲೆ ಇಷ್ಟುದ್ದ ಬೋರ್ಡ್ ಬರತ್ತೆ ಕಣೇ. ಅದಕ್ಕೆ ನಿನ್ ಫೋಟೋನೇ. ನಮ್ ಯಶ್ವಂತ್ ಒಳ್ಳೆ ಕ್ಯಾಮೆರಾ ತರ್ತಾನೆ.”

ಯಶ್ವಂತ್ ಶರಣ್ಯಳ ಚಿಕ್ಕಪ್ಪನ ಮಗ, ಮದುವೆ ಫೋಟೋಗಳನ್ನು ತೆಗೆಯುವವನು. ಹೇಮಶ್ರೀ ಈ ಸಲ ಕೇಳಿಯೇ ತೀರಬೇಕೆಂದುಕೊಂಡಳು. ಬಸ್ಸಿನಲ್ಲಿ ತುಟಿ ಅಲ್ಲಾಡಿಸದೆ ಅಭ್ಯಾಸ ಮಾಡಿದಳು: ಅಕ್ಕಾ, ಬೋರ್ಡಿಗೆ ಮುಖಾನೂ ಬರ್ಲಿ. ಹಿಂದಿನ ದಿನ ಹುಬ್ಬು ತಿದ್ದಿಸಿಕೊಂಡು ಬಂದಳು. ಶಿವಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, “ಯಾರ ಮದುವಿ?” ಎಂದಳು.

ಕೇಳುವ ಪ್ರಮೇಯವೇ ಬರಲಿಲ್ಲ. ಯಶ್ವಂತ್ ಸ್ಟ್ಯಾಂಡಿನ ಹತ್ತಿರವೂ ಸುಳಿಯಲಿಲ್ಲ. ಕ್ಯಾಮೆರಾ ಕೈಯಲ್ಲೇ ಹಿಡಿದು ಸುತ್ತಲೂ ಓಡಾಡುತ್ತಾ, “ಸ್ವಲ್ಪ ಈಕಡೆ ತಿರುಗಿ. ಭುಜದ ಮೇಲಿಂದ ನನ್ನ ನೋಡಿ. ಹಾಂ, ಹಂಗೇ. ಕಣ್ಣು ಇಲ್ಲಿ,” ಎನ್ನುತ್ತಿದ್ದ. ಇಲ್ಲಿ ನೋಡು ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ನೇರಳೆ ಬ್ಲೌಸಿನಲ್ಲಿ ಅರ್ಧ ತಿರುಗಿ, ಹೆಗಲಾಚೆಗೆ ನೋಡುತ್ತಾ ನಿಂತವಳಿಗೆ ಕಿವಿಯವರೆಗೂ ಬಿಸಿಯಾಯಿತು. ಕ್ಯಾಮೆರಾದೊಳಗೆ ತನ್ನ ಮುಖ ಇದೆ. ಇದ್ದೇ ಇದೆ.

ಅಲ್ಲಿಂದ ಮುಂದಿನ ದಿನಗಳೆಲ್ಲ ಬೋರ್ಡಿನ ದಿನಗಳು. ಬಸ್ಸಿನಿಂದ ಕಾಣುವ ಅಂಗಡಿ ಬೋರ್ಡುಗಳನ್ನೆಲ್ಲ ಅವಳು ಅಳೆದಳು. ಒಡವೆ ಅಂಗಡಿಯ ನಗುಮುಖ, ಟ್ಯೂಷನ್ ಕ್ಲಾಸಿನ ಮಕ್ಕಳ ಮುಖ, ಹುಟ್ಟುಹಬ್ಬದ ಶುಭಾಶಯ ಕೋರುವ ಪುಢಾರಿಯ ಮುಖ. ಊರಿನಲ್ಲಿ ಎಷ್ಟೊಂದು ಮುಖಗಳು ಹೀಗೆ ಆರಾಮಾಗಿ ಮೇಲೆ ಕೂತಿವೆ. ಅವ್ವನಿಗೆ ಮಾತ್ರ ಹೇಳಲಿಲ್ಲ. ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಬೇಕು, ಸುಮ್ಮನಿರಬೇಕು, ಅವಳಾಗಿಯೇ ಕಂಡುಹಿಡಿಯಬೇಕು ಅಂದುಕೊಂಡಿದ್ದಳು.

ಬೋರ್ಡು ಏರಿದ ಬೆಳಿಗ್ಗೆ ಅದೃಷ್ಟಕ್ಕೆ ಅವಳೊಬ್ಬಳೇ ಬಂದಳು. ಎದುರಿನ ಫುಟ್‌ಪಾತಿನಲ್ಲಿ ನಿಂತು ತಲೆಯೆತ್ತಿದಳು. ನೇರಳೆ ಬ್ಲೌಸು. ತನ್ನ ಬೆನ್ನು, ತನ್ನ ಹೆಗಲು, ಸೆರಗು ಹಿಡಿದ ತನ್ನ ಬೆರಳುಗಳು. ಹೆಗಲಾಚೆಗೆ ತಿರುಗಿ ನೋಡುತ್ತಿದ್ದವಳು ಬೇರೆ ಯಾರೋ. ಚೂಪು ಮೂಗು, ಹಾಲಿನ ಬಣ್ಣ, ಒಂದು ಮಚ್ಚೆಯೂ ಇಲ್ಲದ ನುಣುಪು ಕೆನ್ನೆ. ಯಾವ ಊರಿನವಳೂ ಅಲ್ಲದ, ಯಾರ ಮಗಳೂ ಅಲ್ಲದ ಹುಡುಗಿ ಹೇಮಶ್ರೀಯ ಕತ್ತಿನ ಮೇಲೆ ಕೂತು ನಗುತ್ತಿದ್ದಳು.

“ಹೆಂಗಿದೆ?” ಶರಣ್ಯ ಬಾಗಿಲಲ್ಲೇ ಕಾಯುತ್ತಿದ್ದಳು. “ಮುಖಾನ ಎಐನಲ್ಲಿ ಮಾಡಿದಾನೆ ಯಶ್ವಂತ್. ಅವನು ನಿನ್ ಮುಖಾನೇ ಇರ್ಲಿ ಅಂದ. ನಾನೇ ಬೇಡ ಅಂದೆ. ನೀನು ಮೊದಲ ದಿನಾನೇ ಹೇಳಿದ್ಯಲ್ಲ, ಮುಖ ಬೇಡ ಅಂತ. ನಾಳೆ ನಿಂಗೆ ಯಾರಾದ್ರೂ ಏನಾದ್ರೂ ಅಂದ್ರೆ?”

ತನ್ನ ಮಾತನ್ನು ಇಷ್ಟು ದಿನ ನೆನಪಿಟ್ಟುಕೊಂಡು ಕಾಪಾಡಿದವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

“ಚೆನ್ನಾಗಿದೆ ಅಕ್ಕ,” ಎಂದಳು ಹೇಮಶ್ರೀ.

ಒಳಗೆ ಹೋಗಿ ಕುಚ್ಚಿಗೆ ಕೂತಳು. ಎಳೆಗಳು ಮಸುಕಾಗಿ ಕಂಡವು. ಅಳಬಾರದು, ರೇಷ್ಮೆಯ ಮೇಲೆ ಕಣ್ಣೀರು ಬಿದ್ದರೆ ಕಲೆಯಾಗುತ್ತದೆ ಅಂತ ಕಾಲು ದೂರ ಚಾಚಿ, ಸೀರೆಯನ್ನು ಮಡಿಲಿನಿಂದ ಸರಿಸಿ ಇಟ್ಟುಕೊಂಡಳು. ಅವ್ವನನ್ನು ಅವಳು ಕರೆದುಕೊಂಡು ಬರಲಿಲ್ಲ.

ಬೋರ್ಡು ಕೆಲಸ ಮಾಡಿತು. ಬಂದವರೆಲ್ಲ ಆ ಹುಡುಗಿಯನ್ನು ಕೇಳಿದರು. ಗೌರಿ ಹಬ್ಬಕ್ಕೆ ಮುಂಚೆ ಕೋಕಿಲಾ ಎಂಬ ಹಳೇ ಗಿರಾಕಿ ಬಂದರು. ಬ್ಯಾಂಕಿನಲ್ಲಿ ಕೆಲಸ, ಜೋರು ದನಿ, ಒಳ್ಳೆ ಮನಸ್ಸು.

“ಶರಣ್ಯಾ, ಬೋರ್ಡ್‌ನಲ್ಲಿರೋ ಬ್ಲೌಸು, ಅದು ನಂಗೆ ಬೇಕು. ಆದ್ರೆ ನನ್ ಮೈಗೆ ಹೆಂಗೆ ಕೂರತ್ತೋ. ಯಾರ್ದಾದ್ರೂ ಮೈಮೇಲೆ ನೋಡ್ಬೇಕಲ್ಲ.”

“ಹೇಮಾ ಹಾಕ್ಕೊಂಡು ತೋರಿಸ್ತಾಳೆ ಆಂಟಿ.”

ಹೇಮಶ್ರೀ ಒಳಗೆ ಹೋಗಿ ನೇರಳೆ ಬ್ಲೌಸು ತೊಟ್ಟು ಬಂದಳು. ಕೋಕಿಲಾ ಕನ್ನಡಕ ಸರಿಮಾಡಿಕೊಂಡು ಸುತ್ತ ಒಂದು ಸುತ್ತು ಬಂದರು.

“ನಿಂಗೂ ಚೆನ್ನಾಗೇ ಇದೆ ಅನ್ನು. ಆದ್ರೆ ಆ ಹುಡುಗಿ ತರ ಬರ್ಲಿಲ್ಲಮ್ಮ. ಅವಳ ಹೆಗಲು ಇದ್ಯಲ್ಲ, ಆ ಹೆಗಲು ಇರ್ಬೇಕು. ಅದು ದೇವ್ರು ಕೊಡ್ಬೇಕು.”

“ಅದು ನಾನೇ,” ಎಂದಳು ಹೇಮಶ್ರೀ.

ದನಿ ಎಲ್ಲಿಂದ ಬಂತೋ. ಕೋಕಿಲಾ ನಕ್ಕರು. “ಅಯ್ಯೋ, ಬೇಜಾರ್ ಮಾಡ್ಕೋಬೇಡ ಕಣೇ, ಸುಮ್ನೆ ಅಂದೆ.”

“ನಿಜವಾಗ್ಲೂ ಆಂಟಿ. ಹೆಗಲು ನಂದು. ಕೈನೂ ನಂದೇ. ಮುಖ ಒಂದೇ ನಂದಲ್ಲ.”

ಕೋಕಿಲಾ ಶರಣ್ಯಳ ಕಡೆ ನೋಡಿದರು. ಶರಣ್ಯ ಹೌದೆಂದು ತಲೆಯಾಡಿಸಿದಳು. ಕೋಕಿಲಾ ಹೊರಗೆ ಹೋಗಿ, ಬೋರ್ಡು ನೋಡಿ, ಮತ್ತೆ ಒಳಗೆ ಬಂದು ಹೇಮಶ್ರೀಯನ್ನು ನೋಡಿದರು.

“ಇದಕ್ಕೇನಾಗಿತ್ತು? ಈ ಮುಖಕ್ಕೆ?”

ಶರಣ್ಯ ಅಳತೆ ಟೇಪು ಕೈಗೆತ್ತಿಕೊಂಡಳು. ಅವರು ಅಳತೆ ಕೊಟ್ಟು, ಹಬ್ಬಕ್ಕೆ ಮುಂಚೆಯೇ ಬೇಕು ಎಂದು ಎರಡೆರಡು ಸಲ ಹೇಳಿ ಹೋದರು. ಹೇಮಶ್ರೀ ತನ್ನ ಚೂಡಿದಾರಕ್ಕೆ ಬದಲಾಯಿಸಿಕೊಂಡು ಬಂದಾಗ ಶರಣ್ಯ ಅಳತೆ ಟೇಪನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

“ನಿಂಗೆ ಬೇಕಾಗಿತ್ತಾ?”

“ಹೂಂ.”

“ಹೇಳಕ್ಕೇನಾಗಿತ್ತೇ, ಕತ್ತೆ? ಇಷ್ಟು ದಿನ ಬರೀ ಮರೂನ್ ದಾರ, ಮರೂನ್ ದಾರ ಅಂತಿದ್ದೆ.” ಶರಣ್ಯ ಎದ್ದಳು. “ಬೋರ್ಡು ಈಗ ಇಳಿಸಕ್ಕಾಗಲ್ಲ. ಪೇಜಿಗಾದ್ರೂ ಒಂದು ಹಾಕೋಣ. ನಿಂತ್ಕೋ ಬಾ. ಬೇರೆ ಏನಾದ್ರೂ ಹಾಕ್ಕೋತೀಯಾ?”

“ಬೇಡ ಅಕ್ಕ. ಹಿಂಗೇ.”

ಹೇಮಶ್ರೀ ಗೋಡೆಯ ಹತ್ತಿರ ಹೋಗಿ ನಿಂತಳು. ಶರಣ್ಯ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ಒತ್ತಿದಳು. ಒತ್ತಿದ ಮೇಲೆ ಇಬ್ಬರೂ ಅದನ್ನು ನೋಡಲು ಬಗ್ಗಿದರು. ಫೋನಿನಲ್ಲಿ ಮಾಸಿದ ಚೂಡಿದಾರದ ಬೆನ್ನು. ಜಡೆ ಮುಂದಕ್ಕಿತ್ತು. ಕತ್ತಿನ ಮೇಲೆ ಏನೂ ಇರಲಿಲ್ಲ. ಹೇಮಶ್ರೀ ಯಾವಾಗ ಗೋಡೆಗೆ ತಿರುಗಿದಳೋ ಅವಳಿಗೇ ಗೊತ್ತಿಲ್ಲ. ಶರಣ್ಯ ಯಾಕೆ ಬೇಡವೆನ್ನಲಿಲ್ಲವೋ ಅವಳಿಗೂ ಗೊತ್ತಿಲ್ಲ.

“ಇಬ್ರಿಗೂ ತಲೆ ಇಲ್ಲ,” ಎಂದಳು ಶರಣ್ಯ. ನಗಲು ಹೋಗಿ ನಿಲ್ಲಿಸಿದಳು, ಯಾಕೆಂದರೆ ಹೇಮಶ್ರೀ ನಗುತ್ತಿರಲಿಲ್ಲ.

ಸ್ಟ್ಯಾಂಡನ್ನು ಎತ್ತರಿಸೋಣವೆಂದರೆ ತಿರುಪು ಬಿಗಿದುಹೋಗಿತ್ತು. ಶರಣ್ಯ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ಬಿಡಿಸಬೇಕಾಯಿತು. ಅಷ್ಟು ಹೊತ್ತೂ ಹೇಮಶ್ರೀ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಸೆರಗು ಹಿಡಿಯುವುದು ಕೈಗೆ ಗೊತ್ತಿತ್ತು, ಎಷ್ಟು ತಿರುಗಬೇಕೆಂದು ಸೊಂಟಕ್ಕೆ ಗೊತ್ತಿತ್ತು. ಮುಖಕ್ಕೆ ಏನೂ ಗೊತ್ತಿರಲಿಲ್ಲ. ಫೋನು ಮೇಲೆ ಬಂತು, ಅವಳ ಕಣ್ಣಿನ ಮಟ್ಟಕ್ಕೆ.

“ನಗ್ತೀಯಾ?”

“ಬರ್ತಿಲ್ಲ ಅಕ್ಕ.”

“ಬರ್ದಿದ್ರೆ ಬೇಡ. ನೋಡು ಸಾಕು.”

ಅವಳು ನೋಡಿದಳು. ಫೋಟೋದಲ್ಲಿದ್ದ ಹುಡುಗಿಗೆ ಅಗಲ ಮೂಗು, ಸ್ವಲ್ಪ ಗಾಬರಿಯ ಕಣ್ಣು. ಯಾರೋ ಬಾಗಿಲು ತೆರೆಯುತ್ತಾರೆಂದು ನಿಂತವಳ ಹಾಗಿದ್ದಳು.

ಶರಣ್ಯ ಪೇಜು ತೆರೆದಳು. ಕೆಳಗೆ ಬರೆಯುವ ಜಾಗಕ್ಕೆ ಬಂದು ಬೆರಳು ನಿಂತಿತು. ಅಲ್ಲಿ ಯಾವತ್ತೂ ಬಟ್ಟೆಯ ಹೆಸರು, ಕಸೂತಿಯ ಹೆಸರು, ಬೇಕಾದವರು ಮೆಸೇಜು ಮಾಡಿ ಎಂಬ ಸಾಲು.

“ಏನ್ ಬರೀಲೇ? ಇದ್ರಲ್ಲಿ ಮಾರಕ್ಕೇನೂ ಇಲ್ವಲ್ಲ.”

ಹೇಮಶ್ರೀ ಯೋಚಿಸಿದಳು. “ಹೆಸರು ಬರೀರಿ.”

“ಬರೀ ಹೆಸರಾ?”

“ಹೂಂ. ಹೇಮಶ್ರೀ ಅಂತ, ಪೂರ್ತಿ.”

ಅಷ್ಟರಲ್ಲಿ ಬಾಗಿಲಿಗೆ ತಾಯಿ ಮಗಳು ಗಿರಾಕಿಗಳು ಬಂದರು. ಶರಣ್ಯ ಫೋಟೋ ಹಾಕಿ, ಫೋನನ್ನು ಕುಚ್ಚಿನ ಮೇಜಿನ ಮೇಲೆ ಬೋರಲಾಗಿಟ್ಟು ಅವರ ಕಡೆ ಹೋದಳು. ಹೇಮಶ್ರೀ ಸೀರೆ ಎಳೆದುಕೊಂಡು ಕೂತಳು. ಎಳೆ ಬಿಡಿಸಿದಳು, ಮಣಿ ಪೋಣಿಸಿದಳು. ಗಂಟು ಹಾಕುವ ಕೈ ಆಗಾಗ ನಿಲ್ಲುತ್ತಿತ್ತು. ಫೋನನ್ನು ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. ಆಚೆ ಶರಣ್ಯ ಯಾವುದೋ ತೋಳಿನ ಉದ್ದದ ಬಗ್ಗೆ ಮಾತಾಡುತ್ತಿದ್ದಳು.

ಫೋನು ಒಂದು ಸಲ ಸದ್ದು ಮಾಡಿತು. ಆರ್ಡರೋ, ತನ್ನ ಮುಖ ನೋಡಿದ ಯಾರದೋ ಮಾತೋ. ಹೇಮಶ್ರೀ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು.