ಮೂರನೇ ಕೀ

ಅಣ್ಣ ಅಂಗಡಿಗೆ ಬಂದವನೇ ಬಾಗಿಲು ಮುಂದೆ ಮಾಡಿದ. ಕೂತ್ಕೋ ಎನ್ನುವುದರೊಳಗೆ, "ನನ್ನ ಮಗಳ ಮನೆ ಬಾಗಿಲಿಗೆ ಒಂದು ಕೀ ಮಾಡ್ಕೊಡು. ಈಗ್ಲೇ" ಎಂದ.

ನನ್ನದು ಬೀಗದ ಅಂಗಡಿ. ಬೀಗ ನಾನೇ ಮಾಡುತ್ತೇನೆ. ಒಂದು ಬೀಗಕ್ಕೆ ಎರಡೇ ಕೀ. ಮೂರನೆಯದು ಬೇಕೆಂದರೆ ಬೀಗ ಕೊಂಡವರೇ ಖುದ್ದಾಗಿ ಬರಬೇಕು. ಗಂಡ ಬಂದು ಹೆಂಡತಿಯ ಬೀರುವಿನ ಕೀ ಕೇಳಿದರೂ ಅಷ್ಟೇ, ಹೆಂಡತಿ ಬಂದು ಗಂಡನ ಮೇಜಿನ ಕೀ ಕೇಳಿದರೂ ಅಷ್ಟೇ. ಈ ಹಟಕ್ಕೆ ಜನ ನನಗೆ ‘ಎರಡೇ ಕೀ ಅಮ್ಮ’ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಅವರಿಗೆಲ್ಲ ಕಣ್ತುಂಬ ನಿದ್ದೆ ಬರುವುದು ಈ ಹಟದಿಂದಲೇ.

ಕೆಲಸಕ್ಕೆ ಹೋಗಕೂಡದೆಂದು ಅಣ್ಣ ಮಗಳನ್ನು ವಾರಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದ. ಅವಳು ಹೇಗೋ ತಪ್ಪಿಸಿಕೊಂಡು ಬೇರೆ ಮನೆ ಹಿಡಿದಳು. ಬೀಗ ಹಾಕಿಸಿಕೊಂಡದ್ದು ನನ್ನ ಕೈಯಿಂದಲೇ.

"ಅಪ್ಪ ಕೇಳಿದ್ರೂ ಕೀ ಕೊಡಲ್ಲ ತಾನೆ, ಅತ್ತೆ?"

"ನಿಮ್ಮಪ್ಪನ ಅಪ್ಪ ಎದ್ದು ಬಂದ್ರೂ ಕೊಡಲ್ಲ" ಎಂದಿದ್ದೆ. ಅವರು ನನಗೂ ಅಪ್ಪನೇ.

ಈಗ ಅಣ್ಣನಿಗೂ ಅದನ್ನೇ ಹೇಳಿದೆ. "ಕೊಡಕ್ಕಾಗಲ್ಲ ಅಣ್ಣ."

"ನಿನ್ನೆಯಿಂದ ಫೋನ್ ಎತ್ತಿಲ್ಲ. ಬಾಗಿಲು ಬಡಿದು ಬಡಿದು ಸಾಕಾಯ್ತು. ಹಾಲಿನ ಪ್ಯಾಕೆಟ್ ಹೊರಗೇ ಬಿದ್ದಿದೆ. ಒಳಗೆ ಏನಾದ್ರೂ ಆಗಿದ್ರೆ?"

ನಿಜವೇ ಇರಬಹುದು. ಆದರೆ ಸುಳ್ಳು ಹೇಳುವಾಗಲೂ ಅಣ್ಣನ ಮುಖ ಹೀಗೇ ಇರುತ್ತದೆ, ಒಡಹುಟ್ಟಿದವಳಿಗೆ ಗೊತ್ತಿಲ್ಲವೇ? ನಾನೂ ಫೋನ್ ಮಾಡಿ ನೋಡಿದೆ. ಸ್ವಿಚ್ ಆಫ್. ಆ ಕೀಯ ಹಲ್ಲುಗಳು ನನಗೆ ಬಾಯಿಪಾಠ. ಅರ ಹಿಡಿದು ಕೂತರೆ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಅದು ಅಣ್ಣನಿಗೂ ಗೊತ್ತು.

"ಈ ಅಂಗಡಿ ಯಾರ ಹೆಸರಲ್ಲಿದೆ, ನೆನಪಿದೆಯಾ?" ಎಂದ ಮೆಲ್ಲಗೆ.

ನೆನಪಿಲ್ಲದೆ ಏನು? ಕಟ್ಟಡ ಅವನದು. ಇಲ್ಲಿಂದ ಎಬ್ಬಿಸಿದರೆ ನನ್ನ ಮಿಷನ್ನು, ನನ್ನ ಅನ್ನ ಎರಡೂ ಬೀದಿಗೆ. ಅತ್ತ ದರಿ, ಇತ್ತ ಪುಲಿ. ಡ್ರಿಲ್ ತೆಗೆದು ಚೀಲಕ್ಕೆ ಹಾಕಿಕೊಂಡು ಎದ್ದೆ.

"ಕೀ ಮಾಡಲ್ಲ. ಅವಳು ಓಗೊಡದಿದ್ರೆ ಬೀಗಾನೇ ಕೊರೀತೀನಿ. ನಡಿ."

"ಕೊರೆಯೋದಕ್ಕೂ ಕೀ ಮಾಡೋದಕ್ಕೂ ಏನೇ ವ್ಯತ್ಯಾಸ?"

"ಕೊರೆದ ಬೀಗ ಅವಳ ಕಣ್ಣಿಗೆ ಕಾಣುತ್ತೆ. ನಿನ್ನ ಜೇಬಲ್ಲಿರೋ ಕೀ ಕಾಣಲ್ಲ."

ಅವಳ ಮನೆಗೆ ಹೋಗಿ ನೋಡಿದರೆ, ಹಾಲು ನಿಜಕ್ಕೂ ಬಾಗಿಲ ಬುಡದಲ್ಲಿ ಬಿದ್ದಿತ್ತು. ಬಾಗಿಲು ಬಡಿದೆ. ಸದ್ದಿಲ್ಲ. ಮತ್ತೆ ಬಡಿದೆ.

"ಪುಟ್ಟಿ, ನಾನು ಅತ್ತೆ. ಬದುಕಿದೀಯಾ ಅಂತ ಹೇಳು, ಸಾಕು. ಹೇಳದಿದ್ರೆ ಬೀಗ ಕೊರೀತೀನಿ."

ಡ್ರಿಲ್ ಒತ್ತಿದೆ. ಅದು ಗುರ್ರೆಂದಿತು. ಮೊನೆ ಬೀಗಕ್ಕೆ ತಾಗುವುದೊಂದು ಬಾಕಿ.

"ಅತ್ತೆ, ನಿಲ್ಸು! ಅಪ್ಪ ಇದಾರಾ?"

ದನಿ ಬಾಗಿಲಿಗೆ ಒತ್ತಿಕೊಂಡೇ ಬಂದಿತ್ತು. ನನಗೆ ಅಳು ಬಂತು. ಅಣ್ಣ ನನ್ನ ತೋಳು ಹಿಡಿದು, ‘ಇಲ್ಲ ಅನ್ನು’ ಎಂದು ತುಟಿಯಲ್ಲೇ ಹೇಳಿದ. ಆಗ ಬಂದ ಕೋಪ ಅಷ್ಟಿಷ್ಟಲ್ಲ. ಮಗಳು ಬದುಕಿದ್ದಾಳೆಂದು ತಿಳಿದ ಗಳಿಗೆಯಲ್ಲೂ ಇವನಿಗೆ ಬಾಗಿಲಿನದೇ ಚಿಂತೆ!

"ಇದಾನೆ ಪುಟ್ಟಿ. ನನ್ನ ಪಕ್ಕದಲ್ಲೇ."

"ಹಾಗಾದ್ರೆ ತೆಗೆಯಲ್ಲ. ಚೆನ್ನಾಗೇ ಇದೀನಿ. ನಿನ್ನೆಯಿಂದ ಅಪ್ಪ ಕೆಳಗೆ ಕಾಯ್ತಿದಾರೆ, ಅದಕ್ಕೇ ಫೋನ್ ಆಫ್ ಮಾಡಿ ಒಳಗೇ ಕೂತಿದೀನಿ."

"ಕೊರಿ" ಎಂದ ಅಣ್ಣ.

"ಓಗೊಟ್ಟಳಲ್ಲ, ಮುಗೀತು." ಡ್ರಿಲ್ಲನ್ನು ಚೀಲಕ್ಕೆ ಹಾಕಿದೆ.

"ನಾಳೆಯೊಳಗೆ ಅಂಗಡಿ ಖಾಲಿ ಮಾಡು. ಬೀದೀಲಿ ಆ ನಿನ್ನ ಹಟಾನೇ ಹೊದ್ಕೊಂಡು ಮಲಕ್ಕೋ."

"ಆಗಲಿ" ಎಂದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಅಷ್ಟು ಭಾರದ ಮಿಷನ್ ಎಲ್ಲಿಗೆ ಸಾಗಿಸುವುದೆಂದು ತೋಚಲಿಲ್ಲ.

ಅಷ್ಟರಲ್ಲಿ ಒಳಗೆ ಕೀ ತಿರುಗಿತು. ಬಾಗಿಲು ಪೂರ್ತಿ ತೆರೆಯಿತು. ಪುಟ್ಟಿಯ ಮುಖ ಬಿಳಿಚಿಕೊಂಡಿತ್ತು. ಅಪ್ಪನ ಕಡೆ ನೋಡಲಿಲ್ಲ.

"ಸಾಮಾನೆಲ್ಲ ಇಲ್ಲಿಗೇ ತಂದ್ಬಿಡು ಅತ್ತೆ. ಮಂಚ ಆ ಕಡೆ ತಳ್ಳಿದ್ರೆ ಮಿಷನ್‌ಗೆ ಜಾಗ ಆಗುತ್ತೆ."

ನಾನು ಒಳಗೆ ಹೋದೆ. ಇಬ್ಬರೂ ಮಂಚದ ಒಂದೊಂದು ತುದಿ ಹಿಡಿದೆವು. ಬಾಗಿಲು ಹಾಗೇ ತೆರೆದಿತ್ತು. ಅಣ್ಣ ಹೊಸಿಲಾಚೆ ನಿಂತೇ ಇದ್ದ. ಅವನನ್ನು ತಡೆಯುವವರು ಯಾರೂ ಇರಲಿಲ್ಲ, ಕರೆಯುವವರೂ ಇರಲಿಲ್ಲ.