ಬಿಡು ಅಂದದ್ದು

"ಈ ಹಿಡಿಕೋಲು, ಅಂದ್ರೆ ಬಾರ್, ನಿನ್ ಕಡೆ ಎಳ್ಕೊಂಡ್ರೆ ಪಟಕ್ಕೆ ಜೋರು ಬರುತ್ತೆ, ಬಿಟ್ರೆ ಇಳಿಯುತ್ತೆ. ಈ ಕೆಂಪು ಪಟ್ಟಿ ಉಲ್ಟಾ. ಎಳೆದ್ರೆ ಪಟ ಮೆತ್ತಗಾಗುತ್ತೆ, ಬಿಟ್ರೆ ಹುಚ್ಚೆದ್ದು ಎಳೆಯುತ್ತೆ. ತಿಳೀತಾ?"

ಕಡ್ಡಿ ತಲೆಯಾಡಿಸಿದಳು. ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಕಡಲ ದಂಡೆಯಲ್ಲಿ ಜನರಿಗೆ ದೊಡ್ಡ ಪಟ ಹಾರಿಸಲು ಕಲಿಸುವುದು ಅವಳ ಅಕ್ಕನ ಕೆಲಸ. ಮಕ್ಕಳಾಟದ ಪಟವಲ್ಲ, ಆಳನ್ನೇ ಎಳೆದೊಯ್ಯುವಂಥದ್ದು. ತಂಗಿಯನ್ನು ಕರೆದೊಯ್ಯಬೇಡವೆಂದು ಅಮ್ಮ ಬಡಕೊಂಡಿದ್ದಳು. ಅಕ್ಕ ಕಿವಿಗೇ ಹಾಕಿಕೊಂಡಿರಲಿಲ್ಲ.

ಗಾಳಿ ಹದವಾಗಿತ್ತು. ಆದರೂ ಅಕ್ಕ ಕೆಂಪು ಪಟ್ಟಿಯನ್ನು ಪೂರ್ತಿ ಎಳೆದು ಕ್ಲಿಪ್ಪಿಗೆ ಬಿಗಿದಳು. ತಂಗಿಯ ಸೊಂಟಪಟ್ಟಿಯ ಕೊಕ್ಕೆಗೆ ಬಾರಿನ ನಡುವೆ ಹಾದ ಹಗ್ಗವನ್ನು ಸಿಕ್ಕಿಸಿ, ದಾರಗಳು ತಿರುಚಿಕೊಂಡಿಲ್ಲವೆಂದು ನೋಡಿ, ಪಟ ಎತ್ತಿಕೊಟ್ಟಳು. ಅದು ನೆತ್ತಿಯ ಮೇಲೆ ಹೋಗಿ ನಿಂತಿತು. ಕಡ್ಡಿ ಹಲ್ಲು ಕಿರಿದಳು. ಅಕ್ಕನಿಗೆ ಹೆಮ್ಮೆಯೇ ಆಯಿತು.

ಅಷ್ಟರಲ್ಲಿ ಗಾಳಿ ಒಮ್ಮೆಲೇ ಎದ್ದಿತು. ಕಡ್ಡಿ ಹೆದರಿ ಬಾರನ್ನು ಎದೆಗೆ ಅವುಚಿಕೊಂಡಳು. ಹೊಸಬರೆಲ್ಲ ಮಾಡುವುದು ಅದನ್ನೇ. ಅವಳ ಹಿಮ್ಮಡಿಗಳು ಮರಳಲ್ಲಿ ಗೀರು ಹಾಕುತ್ತ ಜಾರತೊಡಗಿದವು. ಎದುರಿಗೆ ಅಲೆ ತಡೆಯಲು ಪೇರಿಸಿದ ಬಂಡೆಗಳಿದ್ದವು.

"ಬಿಡು, ಬಿಡೇ," ಎಂದು ಅಕ್ಕ ಕೂಗಿದಳು.

ಅವಳು ಹೇಳಿದ್ದು ಬಾರನ್ನು. ಕಡ್ಡಿ ಒಂದು ಕೈ ಚಾಚಿ ಕೆಂಪು ಪಟ್ಟಿಯ ಕ್ಲಿಪ್ ಎಬ್ಬಿಸಿದಳು. ಪಟ್ಟಿ ಸರ್ರನೆ ಪೂರ್ತಿ ಬಿಚ್ಚಿಕೊಂಡಿತು.

ಪಟ ಧಡ್ಡೆಂದು ಉಬ್ಬಿತು, ಕಡ್ಡಿಯ ಕಾಲುಗಳು ನೆಲದಿಂದ ಮೇಲೆದ್ದವು. ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ಸೊಂಟಪಟ್ಟಿಯ ಹಿಂದಿನ ಕುಣಿಕೆಗೆ ಜೋತುಬಿದ್ದಳು. ಪಟ ಇಬ್ಬರನ್ನೂ ದರದರ ಎಳೆಯಿತು. ಈಗ ಬಿಡು ಎಂದರೆ ಇನ್ನೇನನ್ನು ಬಿಡುತ್ತಾಳೋ, ಎಳೆ ಎಂದರೆ ಯಾವುದನ್ನು ಎಳೆಯುತ್ತಾಳೋ. ಊರಿಗೆಲ್ಲ ಕಲಿಸುವವಳಿಗೆ ಒಂದು ಮಾತು ಹೊಳೆಯದಾಯಿತು. ಬಂಡೆಗಳ ಮೇಲಿನ ಪಾಚಿ ಕಾಣುವಷ್ಟು ಹತ್ತಿರ ಬಂದಿದ್ದರು. ಅಮ್ಮನಿಗೆ ಯಾವ ಮುಖ ತೋರಿಸಲಿ ಎಂದಷ್ಟೇ ಅವಳ ತಲೆಯಲ್ಲಿತ್ತು.

"ಎರಡೂ ಕೈ ಮೇಲೆತ್ತು ಕಣೇ," ಎಂದಳು ಕೊನೆಗೆ. ಕೂಗಲು ಉಸಿರೇ ಇರಲಿಲ್ಲ.

ಕಡ್ಡಿ ಎರಡೂ ಕೈ ಎತ್ತಿದಳು. ಬಾರ್ ಮೇಲಕ್ಕೆ ಜಾರಿತು. ಪಟ ಸೋತು, ಒಗೆದು ಹಾಕಿದ ಚಾದರದ ಹಾಗೆ ಬಂಡೆಗಳ ಮೇಲೆ ಬಿತ್ತು.

"ಬಿಡು ಅಂದ್ಯಲ್ಲಕ್ಕ. ಅದಕ್ಕೇ ಬಿಟ್ಟೆ."

ಅಕ್ಕ ಹೂಂ ಎಂದಳು. ಮರಳಲ್ಲಿ ಬೋರಲು ಬಿದ್ದುಕೊಂಡೇ ಕುಣಿಕೆ ಹಿಡಿದ ಕೈ ತೆರೆಯಲು ನೋಡಿದಳು. ಬೆರಳುಗಳು ಅವಳ ಮಾತು ಕೇಳಲಿಲ್ಲ. ಕಡ್ಡಿ ಬೆನ್ನ ಹಿಂದಕ್ಕೆ ಕೈ ತಂದು, ಆ ಬೆರಳುಗಳನ್ನು ತಡವಿ ತಡವಿ, ಒಂದೊಂದಾಗಿ ಸಡಿಲಿಸತೊಡಗಿದಳು.